ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಕಬ್ಬಿಣದ ಹಾದಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು - ಇವು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳು. ಈ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಒಂದು ಪೇಟೆಯಾಗಿತ್ತು. ಒಂದೇ ಸೀಮೆಯ ಊರುಗಳಾದರೂ ಇವುಗಳ ಗುಣ ಒಂದೇ ಅಲ್ಲ. ಚನ್ನಗಿರಿಗೆ ಸೂಳೆಕೆರೆಯ ನೀರು, ಅಡಕೆಯ ತೋಟ. ಹೊನ್ನಾಳಿಗೆ ತುಂಗಭದ್ರೆಯ ದಡ. ನ್ಯಾಮತಿಯಲ್ಲಿ ಮಲೆನಾಡಿನ ಸರಕು ಬಯಲುನಾಡಿನ ಸರಕಿನೊಡನೆ ಕೈ ಬದಲಾಯಿಸುತ್ತಿತ್ತು. ಜಗಳೂರಿನದು ಮುಗಿಲನ್ನೇ ನಂಬಿ ಬಿತ್ತುವ ಬೆದ್ದಲು ಭೂಮಿ. ಒಂದು ಊರಿನಲ್ಲಿ ಮಿಕ್ಕದ್ದು ಇನ್ನೊಂದು ಊರಿಗೆ ಬೇಕಾದದ್ದೇ. ಆದರೆ ಮಿಕ್ಕ ಕಡೆಯಿಂದ ಬೇಕಾದ ಕಡೆಗೆ ಅದನ್ನು ಒಯ್ಯುವುದು ಹೇಗೆ? ನೂರೈವತ್ತು ವರ್ಷಗಳ ಹಿಂದೆ ಈ ಪ್ರಶ್ನೆಗಿದ್ದ ಉತ್ತರ ಒಂದೇ: ಎತ್ತಿನ ಗಾಡಿ.

ಗಾಡಿಯು ದಿನಕ್ಕೆ ಹತ್ತು ಹದಿನೈದು ಮೈಲಿ ನಡೆದರೆ ಹೆಚ್ಚು. ಈ ಸೀಮೆಯಿಂದ ಬೆಂಗಳೂರನ್ನು ಸೇರಬೇಕಾದರೆ ಹತ್ತು ಹನ್ನೆರಡು ದಿನಗಳು ಬೇಕಾಗುತ್ತಿದ್ದವು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತಿತ್ತು. ದೂರ ಹೋದಷ್ಟೂ ಎತ್ತುಗಳು ತಿನ್ನುವ ಮೇವಿನ ಖರ್ಚು ಬೆಳೆದು, ಕೊನೆಗೆ ಹೇರಿದ ಧಾನ್ಯದ ಬೆಲೆಯನ್ನೇ ಮೀರುತ್ತಿತ್ತು. ಒಳ್ಳೆಯ ವರ್ಷಗಳಲ್ಲಿ ಇದೊಂದು ಅನನುಕೂಲ ಮಾತ್ರ. ಕೆಟ್ಟ ವರ್ಷಗಳಲ್ಲಿ ಇದೇ ಸಾವು ಬದುಕಿನ ಪ್ರಶ್ನೆ.

ಅಂಥ ಕೆಟ್ಟ ವರ್ಷಗಳು ಬಂದೇ ಬಂದವು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಆವರಿಸಿದ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ಬಹುವಾಗಿ ಕಾಡಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಸುಮಾರು ಎಂಟೂಮುಕ್ಕಾಲು ಲಕ್ಷದಷ್ಟು ಕುಗ್ಗಿತೆಂದರೆ ಆ ಬರದ ಘೋರತೆಯನ್ನು ಊಹಿಸಿಕೊಳ್ಳಬಹುದು.

ಆ ಕಾಲದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿಯೇ ರೈಲು ದಾರಿ ಬಂದಿತ್ತು. ಕಡಲ ಮೇಲೆ ಹಡಗಿನಲ್ಲಿ ಬಂದ ಧಾನ್ಯವು ಆ ದಾರಿಯಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಆದರೆ ಕಬ್ಬಿಣದ ಹಾದಿ ಅಲ್ಲಿಗೇ ಮುಗಿದಿತ್ತು. ಅಲ್ಲಿಂದಾಚೆಗೆ ಮೂಟೆಗಳನ್ನು ಎಳೆಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸತ್ತುಹೋಗಿದ್ದವು. ಒಂದು ಕಡೆ ಮೂಟೆ, ಇನ್ನೊಂದು ಕಡೆ ಹಸಿವು. ನಡುವೆ ದಾಟಲಾಗದ ದಾರಿ. ಈ ಕಠೋರ ಸತ್ಯವನ್ನು ಕಣ್ಣಾರೆ ಕಂಡ ತಲೆಮಾರಿನ ಅಧಿಕಾರಿಗಳಲ್ಲಿ ಒಬ್ಬರು ಮುಂದೆ ಮೈಸೂರಿನ ದಿವಾನರಾದರು. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್.

ಶೇಷಾದ್ರಿ ಅಯ್ಯರ್ ಅವರು ಹುಟ್ಟಿದ್ದು 1845ನೆಯ ಇಸವಿ ಜೂನ್ 1ರಂದು, ಮಲಬಾರಿನ ಪಾಲಕ್ಕಾಡಿನ ಬಳಿಯ ಕುಮಾರಪುರದಲ್ಲಿ. ತಂದೆ ವಕೀಲರು. ಮಗು ಇನ್ನೂ ತೊಟ್ಟಿಲಿನಲ್ಲಿರುವಾಗಲೇ ತಂದೆ ತೀರಿಕೊಂಡರು. ಮನೆಯ ಭಾರವೂ ತಮ್ಮನ ವಿದ್ಯಾಭ್ಯಾಸದ ಹೊಣೆಯೂ ಅಣ್ಣನ ಹೆಗಲಿಗೆ ಬಿದ್ದವು. ಕಲ್ಲಿಕೋಟೆಯ ಶಾಲೆಯಲ್ಲಿ ಮೊದಲ ಪಾಠಗಳನ್ನು ಕಲಿತು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಪದವಿ ಪಡೆದ ತರುಣನು ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರನಾಗಿ ಸೇರಿದನು. ಅಲ್ಲಿ ಹಿರಿಯ ಅಧಿಕಾರಿಗಳಾಗಿದ್ದ ಸಿ. ರಂಗಾಚಾರ್ಲು ಅವರ ಕಣ್ಣಿಗೆ ಈ ತರುಣನ ಬುದ್ಧಿಶಕ್ತಿ ಬಿತ್ತು. ರಂಗಾಚಾರ್ಲು ಅವರು 1868ರಲ್ಲಿ ಮೈಸೂರಿಗೆ ಬಂದಾಗ ಶೇಷಾದ್ರಿ ಅಯ್ಯರ್ ಅವರನ್ನೂ ಬರಮಾಡಿಕೊಂಡರು. ಅಷ್ಟಗ್ರಾಮ ವಿಭಾಗದಲ್ಲಿ ಶಿರಸ್ತೇದಾರರಾಗಿ ಅವರ ಮೈಸೂರು ಸೇವೆ ಆರಂಭವಾಯಿತು. ಕೆಲಸದಲ್ಲಿದ್ದುಕೊಂಡೇ 1874ರಲ್ಲಿ ಅವರು ಕಾನೂನು ಪದವಿಯನ್ನು ಗಳಿಸಿದರು. ಮೆಟ್ಟಲು ಮೆಟ್ಟಲಾಗಿ ಏರಿ 1879ರಲ್ಲಿ ತುಮಕೂರಿನ ಡೆಪ್ಯುಟಿ ಕಮೀಷನರಾದರು.

1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ತರುವಾಯ, ಸಂಸ್ಥಾನವು ಶ್ರೀ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ರಂಗಾಚಾರ್ಲು ಅವರು ದಿವಾನರಾದರು. ಕೈಗೆ ಬಂದ ರಾಜ್ಯವು ಸಿರಿವಂತ ರಾಜ್ಯವಲ್ಲ. ಬರದಲ್ಲಿ ಮಾಡಿದ 80 ಲಕ್ಷ ರೂಪಾಯಿಗಳ ಸಾಲ ಅದರ ತಲೆಯ ಮೇಲಿತ್ತು. ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲಿಸಬೇಕಾಗಿದ್ದ ಕಪ್ಪವು ಇಪ್ಪತ್ತನಾಲ್ಕೂವರೆ ಲಕ್ಷದಿಂದ ಮೂವತ್ತೈದು ಲಕ್ಷಕ್ಕೆ ಏರುವ ಕರಾರೂ ಆಗಿತ್ತು. ಹೀಗಿದ್ದರೂ ರಂಗಾಚಾರ್ಲು ಅವರು ರೈಲು ದಾರಿಯ ಕೆಲಸವನ್ನು ನಿಲ್ಲಿಸಲಿಲ್ಲ. ಬರದ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡುವ ಸಲುವಾಗಿ ಬೆಂಗಳೂರು-ಮೈಸೂರು ದಾರಿಯ ಮಣ್ಣಿನ ಕೆಲಸ ಆರಂಭವಾಗಿತ್ತು. ಆ ದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಮರುವರ್ಷ ಜನವರಿಯಲ್ಲಿ ರಂಗಾಚಾರ್ಲು ಅವರು ಕಾಲವಾದರು.

ಅವರ ಸ್ಥಾನಕ್ಕೆ ಮಹಾರಾಜರು ಶೇಷಾದ್ರಿ ಅಯ್ಯರ್ ಅವರನ್ನು ಆರಿಸಿದರು. ಆಗ ಅವರಿಗೆ ಮೂವತ್ತೇಳು ವರ್ಷ, ಮಹಾರಾಜರಿಗೆ ಇಪ್ಪತ್ತು. ತಮಗಿಂತ ಹಿರಿಯರಾದ ಅನೇಕ ಅಧಿಕಾರಿಗಳನ್ನು ದಾಟಿ ಬಂದ ಈ ಪದವಿ ಹೂವಿನ ಹಾಸಿಗೆಯಾಗಿರಲಿಲ್ಲ. ಅಸಮಾಧಾನಗೊಂಡವರು ಹಲವರಿದ್ದರು. ಅವರಿಗೆಲ್ಲ ಮಾತಿನಿಂದಲ್ಲದೆ ಕೆಲಸದಿಂದಲೇ ಉತ್ತರ ಕೊಡಬೇಕಾಗಿತ್ತು. ಹೊಸ ದಿವಾನರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ರೈಲು ದಾರಿಯನ್ನು ವಾಯವ್ಯ ದಿಕ್ಕಿಗೆ, ಎಂದರೆ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳ ಮೂಲಕ ದಾವಣಗೆರೆ ಹರಿಹರಗಳ ಕಡೆಗೆ ಬೆಳೆಸುವುದು ಮುಖ್ಯವಾದುದಾಗಿತ್ತು.

ಕಬ್ಬಿಣದ ಹಾದಿ ಎಂದರೇನು, ಅದನ್ನು ಹಾಕುವುದು ಹೇಗೆ ಎಂಬುದನ್ನು ಇಲ್ಲಿ ಕೊಂಚ ತಿಳಿದುಕೊಳ್ಳುವುದು ಒಳ್ಳೆಯದು. ಅದು ತಿಳಿದರೆ ಆ ದಿವಾನರ ಎದುರಿಗಿದ್ದ ಕೆಲಸದ ಗಾತ್ರವೂ ತಿಳಿದೀತು.

ಹಳಿಯ ಮೇಲೆ ಬಂಡಿಯನ್ನು ಉರುಳಿಸುವ ಉಪಾಯವು ಉಗಿಯಂತ್ರಕ್ಕಿಂತ ಹಳೆಯದು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಮರದ ತೊಲೆಗಳನ್ನು ಜೋಡಿಯಾಗಿ ಹಾಸಿ, ಅವುಗಳ ಮೇಲೆ ಕುದುರೆಗಳಿಂದ ಬಂಡಿ ಎಳೆಸುತ್ತಿದ್ದರು. ಗಾಲಿಯು ಮಣ್ಣಿನಲ್ಲಿ ಹೂಳದೆ ನಯವಾದ ತೊಲೆಯ ಮೇಲೆ ಉರುಳುವುದರಿಂದ ಒಂದೇ ಕುದುರೆ ರಸ್ತೆಯ ಮೇಲಿಗಿಂತ ಹಲವು ಪಾಲು ಹೆಚ್ಚು ಭಾರವನ್ನು ಎಳೆಯುತ್ತಿತ್ತು. ಆದರೆ ಮರ ಬೇಗ ಸವೆಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಹಳಿಗಳು ಬಂದವು. ಎರಕದ ಕಬ್ಬಿಣವು ಗಟ್ಟಿ, ಆದರೆ ಬಿರುಸು. ಪೆಟ್ಟು ಬಿದ್ದರೆ ಮುರಿಯುತ್ತದೆ. 1804ರಲ್ಲಿ ಟ್ರೆವಿಥಿಕ್ ಎಂಬ ಯಂತ್ರಶಿಲ್ಪಿಯು ಉಗಿಬಂಡಿಯನ್ನು ಅಂಥ ಹಳಿಗಳ ಮೇಲೆ ಓಡಿಸಿದಾಗ ಅದರ ಭಾರಕ್ಕೆ ಹಳಿಗಳೇ ಒಡೆದವು. ಯಂತ್ರ ಸಿದ್ಧವಾಗಿತ್ತು, ಹಾದಿ ಸಿದ್ಧವಾಗಿರಲಿಲ್ಲ. 1820ರಲ್ಲಿ ಬರ್ಕಿನ್‌ಷಾ ಎಂಬಾತನು ಮೆದು ಕಬ್ಬಿಣವನ್ನು ಕಾಯಿಸಿ, ಉರುಳೆಗಳ ನಡುವೆ ಹಾಯಿಸಿ, ಉದ್ದನೆಯ ಹಳಿಗಳನ್ನು ತಯಾರಿಸುವ ವಿಧಾನವನ್ನು ರೂಪಿಸಿದನು. ಈ ಹಳಿ ಭಾರಕ್ಕೆ ಬಾಗಬಲ್ಲುದೇ ಹೊರತು ಸುಲಭವಾಗಿ ಮುರಿಯದು. ಜಾರ್ಜ್ ಸ್ಟೀವನ್‌ಸನ್ ತನ್ನ ಪ್ರಸಿದ್ಧವಾದ ಸ್ಟಾಕ್‌ಟನ್-ಡಾರ್ಲಿಂಗ್ಟನ್ ದಾರಿಯಲ್ಲಿ ಇಂಥ ಹಳಿಗಳನ್ನು ಬಳಸಿದನು. ಆ ದಾರಿಯು 1825ರಲ್ಲಿ ತೆರೆಯಿತು. ಮುಂದೆ ಉಕ್ಕು ಅಗ್ಗವಾದಂತೆ ಉಕ್ಕಿನ ಹಳಿಗಳು ಬಂದವು. ಭಾರತದಲ್ಲಿ ಜನರನ್ನು ಹೊತ್ತ ಮೊದಲ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿತು.

ಮೈಸೂರಿನ ದಾರಿಗೆ ಆರಿಸಿದ್ದು ಮೀಟರ್ ಗೇಜ್, ಎಂದರೆ ಎರಡು ಹಳಿಗಳ ನಡುವೆ ಒಂದು ಮೀಟರಿನ ಅಂತರ. ಮದರಾಸಿನಿಂದ ಬಂದ ದಾರಿಯಲ್ಲಿ ಈ ಅಂತರ ಐದೂವರೆ ಅಡಿ. ಕಿರಿದಾದ ದಾರಿಗೆ ಹಳಿ ಹಗುರ, ಏರಿ ಸಣ್ಣದು, ಸೇತುವೆ ಕಿರಿದು; ಆದ್ದರಿಂದ ಖರ್ಚು ಕಡಿಮೆ. ಸಾಲದಲ್ಲಿದ್ದ ಸಂಸ್ಥಾನಕ್ಕೆ ಇದು ಬಲು ಮುಖ್ಯ. ಆದರೆ ಈ ಉಳಿತಾಯಕ್ಕೂ ಒಂದು ತೆರಿಗೆಯಿತ್ತು. ಎರಡು ಅಳತೆಗಳ ದಾರಿಗಳು ಕೂಡುವಲ್ಲಿ ಒಂದರ ಬಂಡಿ ಇನ್ನೊಂದರ ಮೇಲೆ ಓಡಲಾರದು. ಬೆಂಗಳೂರಿನಲ್ಲಿ ಪ್ರತಿಯೊಂದು ಮೂಟೆಯನ್ನೂ ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಗುತ್ತಿತ್ತು.

ಹಾದಿಯ ಕೆಲಸದಲ್ಲಿ ಮೊದಲನೆಯದು ಮೋಜಣಿ. ಎತ್ತು ಏರಬಲ್ಲ ದಿಣ್ಣೆಯನ್ನು ಉಗಿಬಂಡಿ ಏರಲಾರದು; ನಯವಾದ ಹಳಿಯ ಮೇಲೆ ನಯವಾದ ಗಾಲಿಯು ಕಡಿದಾದ ಏರಿನಲ್ಲಿ ಜಾರುತ್ತದೆ. ಆದ್ದರಿಂದ ಮೋಜಣಿದಾರರು ದುರ್ಬೀನು, ಅಳತೆಕೋಲು, ಸರಪಳಿಗಳನ್ನು ಹಿಡಿದು ಊರಿಂದೂರಿಗೆ ನಡೆದು, ನೆಲದ ಏರುತಗ್ಗುಗಳನ್ನು ಗುರುತಿಸಿ, ಸಾಧ್ಯವಾದಷ್ಟು ಸಮತಟ್ಟಾದ ಜಾಡನ್ನು ಹುಡುಕಿ ಗೂಟ ನೆಡುತ್ತಿದ್ದರು. ಎರಡನೆಯದು ಮಣ್ಣಿನ ಕೆಲಸ. ದಿಣ್ಣೆಗಳನ್ನು ಕಡಿದು, ಆ ಮಣ್ಣನ್ನು ತಗ್ಗುಗಳಿಗೆ ಸುರಿದು ಏರಿ ಕಟ್ಟಬೇಕು. ಇಂದಿನ ಯಂತ್ರಗಳು ಆಗಿಲ್ಲ. ಗುದ್ದಲಿ, ಹಾರೆ, ಮಂಕರಿ - ಇವೇ ಸಲಕರಣೆಗಳು. ಮಣ್ಣು ಕಲ್ಲುಗಳ ಕೆಲಸದಲ್ಲಿ ಪಳಗಿದ ಭೋವಿ ಜನರೂ, ಬೇಸಾಯದ ಬಿಡುವಿನಲ್ಲಿ ಕೂಲಿ ಅರಸಿ ಬಂದ ಸುತ್ತಮುತ್ತಲಿನ ಹಳ್ಳಿಗಳ ಗಂಡಸರು ಹೆಂಗಸರೂ ಮಂಕರಿ ಮಂಕರಿಯಾಗಿ ಹೊತ್ತು ಹಾಕಿದ ಮಣ್ಣು ಮೈಲಿಗಟ್ಟಲೆ ಏರಿಯಾಯಿತು. ಹೊಸ ಏರಿಯು ಒಂದು ಮಳೆಗಾಲದಲ್ಲಾದರೂ ನೆನೆದು ಕುಸಿದು ಗಟ್ಟಿಯಾಗಬೇಕು, ಆತುರ ಸಲ್ಲದು.

ಮೂರನೆಯದು ನೀರಿನ ದಾರಿ. ಏರಿಯು ನೆಲಕ್ಕೆ ಅಡ್ಡಲಾಗಿ ಕಟ್ಟಿದ ಗೋಡೆಯಂತೆ. ಮಳೆಯ ನೀರಿಗೆ ದಾರಿ ಬಿಡದಿದ್ದರೆ ಅದು ಒಂದೇ ರಾತ್ರಿಯಲ್ಲಿ ಏರಿಯನ್ನು ಕೊಚ್ಚಿಹಾಕುತ್ತದೆ. ಆದ್ದರಿಂದ ಪ್ರತಿಯೊಂದು ಹಳ್ಳಕ್ಕೂ ಮೋರಿ, ಹೊಳೆಗೆ ಸೇತುವೆ ಕಟ್ಟಬೇಕು. ನಾಲ್ಕನೆಯದು ಜಲ್ಲಿಯ ಹಾಸು. ಒಡೆದ ಕಲ್ಲಿನ ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಹಳಿಯನ್ನು ಅಲುಗದಂತೆ ಹಿಡಿಯುತ್ತವೆ. ಭಾರವನ್ನು ಅಗಲವಾಗಿ ಹಂಚುತ್ತವೆ. ನೀರನ್ನು ನಿಲ್ಲಗೊಡದೆ ಸೋಸಿಬಿಡುತ್ತವೆ. ದಾವಣಗೆರೆ ಹರಿಹರಗಳ ಕಡೆಯ ಎರೆಮಣ್ಣಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಆ ಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ಹಾಸಿದ ಹಾದಿ ವರ್ಷಕ್ಕೆರಡು ಬಾರಿ ತನ್ನ ಮಟ್ಟವನ್ನು ತಪ್ಪಲು ನೋಡುತ್ತದೆ.

ಜಲ್ಲಿಯ ಮೇಲೆ ಸ್ಲೀಪರುಗಳೆಂಬ ಅಡ್ಡತೊಲೆಗಳನ್ನು ಸಮಾನಾಂತರದಲ್ಲಿ ಜೋಡಿಸುತ್ತಾರೆ. ಮರ ಗಟ್ಟಿಯಾಗಿರಬೇಕು, ಇಲ್ಲವಾದರೆ ಬಿಸಿಲು ಸೀಳುತ್ತದೆ, ಗೆದ್ದಲು ತಿನ್ನುತ್ತದೆ. ಅವುಗಳ ಮೇಲೆ ಹಳಿಗಳನ್ನಿಟ್ಟು, ದಪ್ಪ ಮೊಳೆಗಳಿಂದ ಬಿಗಿದು, ಒಂದು ಹಳಿಯ ತುದಿಗೂ ಇನ್ನೊಂದರ ತುದಿಗೂ ಇಕ್ಕೆಲದಲ್ಲಿ ಜೋಡುಪಟ್ಟಿ ಹಾಕಿ ಬೋಲ್ಟು ಬಿಗಿಯುತ್ತಾರೆ. ತುದಿಗಳ ನಡುವೆ ಸಣ್ಣ ಸಂದನ್ನು ಬೇಕೆಂದೇ ಬಿಡುತ್ತಾರೆ. ಬೇಸಗೆಯ ಬಿಸಿಲಿಗೆ ಕಬ್ಬಿಣ ಹಿಗ್ಗಿದಾಗ ಅದಕ್ಕೆ ಎಡೆ ಬೇಕು. ಎಡೆಯಿಲ್ಲದಿದ್ದರೆ ಹಳಿ ಹಾವಿನಂತೆ ಡೊಂಕಾಗುತ್ತದೆ. ಹಳೆಯ ರೈಲುಗಳಲ್ಲಿ ಪ್ರಯಾಣಿಕರ ಕಿವಿಗೆ ಬೀಳುತ್ತಿದ್ದ ಟಕಟಕ ಸದ್ದು ಗಾಲಿಯು ಈ ಸಂದುಗಳನ್ನು ದಾಟುವ ಸದ್ದೇ. ತಿರುವುಗಳಲ್ಲಿ ಹೊರಗಡೆಯ ಹಳಿಯನ್ನು ತುಸು ಎತ್ತರಿಸಬೇಕು. ಆಗ ಬಂಡಿ ಒಳಮುಖವಾಗಿ ವಾಲಿ, ಹೊರಕ್ಕೆ ಸಿಡಿಯದೆ ತಿರುಗುತ್ತದೆ. ಹಾಕಿದಷ್ಟು ಹಾದಿಯ ಮೇಲೆಯೇ ಸಾಮಾನಿನ ಬಂಡಿಯನ್ನು ತಂದು, ಮುಂದಿನ ಹಾದಿಗೆ ಹಳಿ ಸ್ಲೀಪರುಗಳನ್ನು ಇಳಿಸುತ್ತಾರೆ. ಹೀಗೆ ದಾರಿಯು ತನ್ನ ಬೆನ್ನ ಮೇಲೆಯೇ ತನ್ನನ್ನು ಹೊತ್ತುಕೊಂಡು ಮುಂದೆ ಸಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಮೈಸೂರಿನ ನೆಲದಲ್ಲಿ ಕಬ್ಬಿಣದ ಅದಿರಿತ್ತು. ಹಳ್ಳಿಗಳಲ್ಲಿ ಅದನ್ನು ಸಣ್ಣ ಕುಲುಮೆಗಳಲ್ಲಿ ಕರಗಿಸಿ ನೇಗಿಲ ಗುಳ, ಕೊಡಲಿಗಳನ್ನು ಮಾಡುವ ಕಸಬುದಾರರಿದ್ದರು. ಆದರೆ ಹಳಿಗಳನ್ನು ಉರುಳಿಸಿ ತೆಗೆಯುವ ಕಾರ್ಖಾನೆ ಆಗ ಭಾರತದಲ್ಲಿಯೇ ಇರಲಿಲ್ಲ. ಪ್ರತಿಯೊಂದು ಹಳಿಯೂ ಹಡಗಿನಲ್ಲಿ ಇಂಗ್ಲೆಂಡಿನಿಂದ ಬರಬೇಕು. ಅದರ ಬೆಲೆಯೂ ಅಲ್ಲಿಗೇ ಹೋಗಬೇಕು. ಭದ್ರಾವತಿಯಲ್ಲಿ ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ.

ಶೇಷಾದ್ರಿ ಅಯ್ಯರ್ ಅವರ ಆಡಳಿತದ ಮೊದಲ ಎರಡು ವರ್ಷಗಳಲ್ಲಿ ದಾರಿ ಚುರುಕಾಗಿ ಬೆಳೆಯಿತು. 1884ರಲ್ಲಿ ರೈಲು ತುಮಕೂರನ್ನು ಮುಟ್ಟಿತು. ಅದೇ ವರ್ಷ ಗುಬ್ಬಿಯನ್ನೂ ತಲಪಿತು. ಅಲ್ಲಿಗೆ ಸಂಸ್ಥಾನದ ಕೈಯಲ್ಲಿದ್ದ ಹಣ ಬರಿದಾಯಿತು. ಗುಬ್ಬಿಯಿಂದ ಹರಿಹರಕ್ಕೆ ಇನ್ನೂ ನೂರಕ್ಕೂ ಹೆಚ್ಚು ಮೈಲಿಗಳ ದಾರಿ ಬಾಕಿ. ಬರದ ಸಾಲ ತೀರಿಲ್ಲ. ಏರಿಸಿದ ಕಪ್ಪವನ್ನು ಕೊಡಬೇಕಾದ ವರ್ಷವೂ ಹತ್ತಿರವಾಗುತ್ತಿತ್ತು. ದಿವಾನರ ಜೀವನದ ಅತ್ಯಂತ ಕಠಿಣವಾದ ನಿರ್ಧಾರಗಳಲ್ಲಿ ಒಂದನ್ನು ಅವರು ತೆಗೆದುಕೊಳ್ಳಬೇಕಾಗಿ ಬಂದದ್ದು ಆಗ.

ಅವರ ಮುಂದೆ ಇದ್ದದ್ದು ಎರಡೇ ದಾರಿಗಳು. ಬೊಕ್ಕಸ ತುಂಬುವವರೆಗೆ ಕಾದು, ವರ್ಷಕ್ಕೆ ಕೆಲವು ಮೈಲಿಗಳಂತೆ ಸ್ವಂತ ಹಣದಿಂದಲೇ ಹಾದಿ ಹಾಕುವುದು ಒಂದು. ಹೊರಗಿನ ಕಂಪನಿಯೊಂದಕ್ಕೆ ದಾರಿಯನ್ನು ಒಪ್ಪಿಸಿ, ಅದರ ಮೂಲಕ ಇಂಗ್ಲೆಂಡಿನಲ್ಲಿ ಸಾಲವೆತ್ತಿ, ಕೆಲಸವನ್ನು ಬೇಗನೆ ಮುಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಸ್ವಾತಂತ್ರ್ಯವಿತ್ತು; ಆದರೆ ದಾರಿ ಮುಗಿಯುವ ಮುನ್ನ ಮತ್ತೊಂದು ಬರ ಬಂದರೆ? ಎರಡನೆಯದರಲ್ಲಿ ವೇಗವಿತ್ತು; ಆದರೆ ಪ್ರಜೆಗಳ ಹಣ ಮತ್ತು ಬೆವರಿನಿಂದ ಆದ ದಾರಿಯ ಆಡಳಿತವು ಪರರ ಕೈಗೆ ಹೋಗುತ್ತಿತ್ತು; ಲಾಭದಲ್ಲಿ ಪಾಲೂ ಹೊರಗೆ ಹರಿಯುತ್ತಿತ್ತು.

ದಿವಾನರು ಎರಡನೆಯದನ್ನು ಆರಿಸಿದರು. 1886ರಲ್ಲಿ ಸಂಸ್ಥಾನದ ರೈಲು ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸುವ ಒಪ್ಪಂದವಾಯಿತು. ಅದೇ ಸಮಯದಲ್ಲಿ, ಏರಿಸಿದ ಕಪ್ಪವನ್ನು ಇನ್ನೂ ಹತ್ತು ವರ್ಷಗಳ ಕಾಲ ಮುಂದಕ್ಕೆ ಹಾಕಲು ಬ್ರಿಟಿಷ್ ಸರ್ಕಾರ ಸಮ್ಮತಿಸಿತು. 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗಿನ ದಾರಿ ತೆರೆಯಿತು. ತುಂಗಭದ್ರೆಯು ಆಗ ಅಲ್ಲಿ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿತ್ತು. ಆ ಹೊಳೆಯನ್ನು ದಾಟಿ ಮೈಸೂರಿನ ಹಾದಿಯು ಹುಬ್ಬಳ್ಳಿಯ ಕಡೆಯ ಹಾದಿಯೊಡನೆ ಕೂಡಿತು. ಎರಡೂ ಒಂದೇ ಅಳತೆಯ ದಾರಿಗಳಾದುದರಿಂದ ಅಲ್ಲಿ ಸರಕು ಇಳಿಸಿ ಏರಿಸುವ ತೊಂದರೆಯಿರಲಿಲ್ಲ. ಬೆಂಗಳೂರಿನಲ್ಲಿ ಹೇರಿದ ಬಂಡಿಯು ಹುಬ್ಬಳ್ಳಿ, ಲೋಂಡಾಗಳ ಮೂಲಕ ಪಡುವಣ ಕಡಲಿನ ಮರ್ಮಗೋವಾ ಬಂದರಿನವರೆಗೂ ಹೋಗಬಹುದಾಯಿತು.

ಈ ದಾರಿಯಿಂದ ಆದ ಬದಲಾವಣೆಯನ್ನು ನಮ್ಮ ನಾಲ್ಕು ಊರುಗಳ ಕಡೆಯಿಂದ ನೋಡೋಣ. ಕಬ್ಬಿಣದ ಹಾದಿಯು ಚನ್ನಗಿರಿಯ ಮೂಲಕವಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮೂಲಕವಾಗಲಿ ಹಾಯಲಿಲ್ಲ. ಮಾಯಕೊಂಡ, ದಾವಣಗೆರೆ, ಹರಿಹರಗಳಿಗೆ ನಿಲ್ದಾಣಗಳು ಬಂದವು. ಹಾದಿ ಹಾಕುವವನು ಎಲ್ಲ ಊರುಗಳನ್ನೂ ಮುಟ್ಟಲಾರನು. ಮುಟ್ಟಹೊರಟರೆ ದಾರಿ ಡೊಂಕಾಗುತ್ತದೆ, ಖರ್ಚು ಏರುತ್ತದೆ. ಆದರೂ ಹತ್ತು ಹನ್ನೆರಡು ದಿನಗಳ ಗಾಡಿಯ ದಾರಿಯು ಈಗ ಒಂದೆರಡು ದಿನಗಳಿಗೆ ಇಳಿಯಿತು. ಹತ್ತಿರದ ನಿಲ್ದಾಣದವರೆಗೆ ಗಾಡಿ ಹೊಡೆದರೆ ಸಾಕು. ಅಲ್ಲಿಂದ ಬೆಂಗಳೂರು ಒಂದು ಹಗಲು ಒಂದು ರಾತ್ರಿಯೊಳಗಿನ ಮಾತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ದಾರಿಯೊಂದು ತೆರೆಯಿತು. ಅದರಿಂದ ಚನ್ನಗಿರಿ, ನ್ಯಾಮತಿಗಳ ಸೀಮೆಗೆ ಇನ್ನೊಂದು ಮಗ್ಗುಲಿನಿಂದಲೂ ರೈಲು ಹತ್ತಿರವಾಯಿತು. ದಾವಣಗೆರೆಯು ದೊಡ್ಡ ವ್ಯಾಪಾರಸ್ಥಳವಾಗಿಯೂ, ಮುಂದೆ ಹತ್ತಿಯ ಗಿರಣಿಗಳ ಊರಾಗಿಯೂ ಬೆಳೆಯಲು ಈ ಹಾದಿಯು ಮುಖ್ಯ ಕಾರಣಗಳಲ್ಲಿ ಒಂದು. ಹಾಗೆಯೇ, ದಾರಿಯಿಂದ ದೂರ ಉಳಿದ ಹಳೆಯ ಪೇಟೆಗಳ ಮಹತ್ವ ಕ್ರಮೇಣ ತಗ್ಗಿತೆಂಬುದೂ ನಿಜ. ಹೊಸ ದಾರಿಯು ಕೆಲವು ಊರುಗಳನ್ನು ಎತ್ತುತ್ತದೆ. ಕೆಲವನ್ನು ಬದಿಗೆ ಸರಿಸುತ್ತದೆ.

ಇದೇ ಅವಧಿಯಲ್ಲಿ ಬೇರೆ ಕಡೆಗಳಿಗೂ ದಾರಿಗಳು ಹರಡಿದವು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೂ, 1894ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ರೈಲು ಹೋಯಿತು. 1881ರಲ್ಲಿ ಐವತ್ತೆಂಟು ಮೈಲಿಗಳಷ್ಟಿದ್ದ ಸಂಸ್ಥಾನದ ರೈಲು ದಾರಿಯು ಚಾಮರಾಜೇಂದ್ರ ಒಡೆಯರ ಆಳ್ವಿಕೆಯ ಕೊನೆಯ ವೇಳೆಗೆ ಮುನ್ನೂರು ಮೈಲಿಗಳನ್ನು ಮೀರಿತ್ತು. ಪ್ರತಿವರ್ಷವೂ ದಸರೆಯ ಕಾಲಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. ತಾಲ್ಲೂಕುಗಳಿಂದ ರೈತರೂ ವರ್ತಕರೂ ಅಲ್ಲಿಗೆ ಬರುತ್ತಿದ್ದರು. ಅವರ ಮುಂದೆ ದಿವಾನರು ವರ್ಷದ ಆದಾಯ ವೆಚ್ಚಗಳ ಜೊತೆಗೆ ರೈಲು ದಾರಿ, ಕೆರೆ ಕಾಲುವೆಗಳ ಕೆಲಸದ ವರದಿಯನ್ನೂ ಒಪ್ಪಿಸುತ್ತಿದ್ದರು.

ಶೇಷಾದ್ರಿ ಅಯ್ಯರ್ ಅವರ ಎಲ್ಲ ನಿರ್ಧಾರಗಳನ್ನೂ ಎಲ್ಲರೂ ಒಪ್ಪಿದರೆಂದು ಹೇಳಲಾಗದು. ರೈಲು ದಾರಿಯನ್ನು ಕಂಪನಿಗೆ ಒಪ್ಪಿಸಿದ್ದು ಸರಿಯಲ್ಲವೆಂದು ವಾದಿಸುವವರು ಇದ್ದರು. ಬೆಂಗಳೂರು-ಹರಿಹರ ದಾರಿಯ ಆಡಳಿತವು ಸಂಸ್ಥಾನದ ಕೈಗೆ ಮರಳಿ ಬರಲು 1938ರವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ, ದೊಡ್ಡ ಹುದ್ದೆಗಳು ಹೊರನಾಡಿನವರ ಪಾಲಾಗುತ್ತಿವೆ ಎಂಬ ದೂರುಗಳೂ ಅವರ ಮೇಲಿದ್ದವು. ಆದರೆ ಬರದ ನೆನಪು ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ಕಾಯುವುದೂ ಒಂದು ಅಪಾಯವೇ ಆಗಿತ್ತು. ಸಾಲಗಾರನೊಬ್ಬನು ಒಡವೆಯನ್ನು ಅಡವಿಟ್ಟು ಮನೆಗೆ ಬಾವಿ ತೋಡಿಸಿದಂತೆ ಅವರು ನಡೆದುಕೊಂಡರು. ಒಡವೆಯನ್ನು ಬಿಡಿಸಿಕೊಳ್ಳಲು ತಡವಾಯಿತು; ನೀರು ಮಾತ್ರ ಬೇಗನೆ ಬಂದಿತು.

ಹಾದಿಗೆ ಒಳಿತು ಕೆಡಕುಗಳ ಭೇದ ತಿಳಿಯದು. ಧಾನ್ಯವನ್ನು ತಂದ ಹಳಿಗಳೇ ರೋಗವನ್ನೂ ತಂದವು. 1898ರ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ ರೈಲಿನ ದಾರಿಯಾಗಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಸಾವಿರಾರು ಜನ ಸತ್ತರು. ಇನ್ನೂ ಅನೇಕರು ಊರು ಬಿಟ್ಟು ಹೋದರು. ಆಗ ಮಹಾರಾಜ ಚಾಮರಾಜೇಂದ್ರ ಒಡೆಯರು ಇರಲಿಲ್ಲ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅವರು ಅಕಾಲ ಮರಣಕ್ಕೆ ತುತ್ತಾಗಿದ್ದರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದರು. ದಿವಾನರು ಎದೆಗುಂದಲಿಲ್ಲ. ಇಕ್ಕಟ್ಟಾದ ಹಳೆಯ ಊರಿನ ಹೊರಗೆ ಗಾಳಿ ಬೆಳಕುಗಳಿಗೆ ಎಡೆಯಿರುವ ಅಗಲವಾದ ಬೀದಿಗಳ ಬಡಾವಣೆಗಳಾಗಿ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ವಿಕ್ಟೋರಿಯಾ ಆಸ್ಪತ್ರೆ ಸ್ಥಾಪನೆಯಾಯಿತು. ತಾವು ತೆರೆದ ಬಾಗಿಲಿನಿಂದ ಕೇಡು ಒಳಬಂದಾಗ ಅವರು ಬಾಗಿಲನ್ನು ಹಳಿಯುತ್ತ ಕೂರಲಿಲ್ಲ. ಮನೆಯನ್ನೇ ಸರಿಪಡಿಸಲು ತೊಡಗಿದರು.

ಅವರ ಕೊನೆಯ ವರ್ಷಗಳ ದೊಡ್ಡ ಕೆಲಸಗಳೆರಡು. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಆರಂಭವಾದ ಅಣೆಕಟ್ಟು ಒಂದು. ಅದೇ ಇಂದಿನ ವಾಣೀವಿಲಾಸ ಸಾಗರ. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ, ತೊಂಬತ್ತೆರಡು ಮೈಲಿಗಳ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಸಾಗಿಸುವ ಯೋಜನೆ ಇನ್ನೊಂದು. ಎರಡೂ ಪೂರ್ಣಗೊಂಡುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಹದಿನೆಂಟು ವರ್ಷಗಳ ಎಡೆಬಿಡದ ದುಡಿಮೆಯಿಂದ ಅವರ ದೇಹ ಜರ್ಜರಿತವಾಗಿತ್ತು. 1901ರ ಮಾರ್ಚ್‌ನಲ್ಲಿ ಅವರು ದಿವಾನ ಪದವಿಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ಕಣ್ಣು ಮುಚ್ಚಿದರು. ಆಗ ಅವರಿಗೆ ಐವತ್ತಾರು ವರ್ಷ. ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲಪಿದ್ದು 1902ರಲ್ಲಿ. ಮಾರಿಕಣಿವೆಯ ಕಟ್ಟೆ ಮುಗಿದದ್ದು 1907ರಲ್ಲಿ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ, ಅವರ ಹೆಸರಿನ ಸ್ಮಾರಕ ಭವನವು ಗ್ರಂಥಾಲಯವಾಗಿದೆ, ಶೇಷಾದ್ರಿಪುರವೆಂಬ ಬಡಾವಣೆಯಿದೆ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಹಾದಿಯ ಮೇಲೆ ಅವರ ಹೆಸರನ್ನು ಯಾರೂ ಕೆತ್ತಿಲ್ಲ. 1990ರ ದಶಕದಲ್ಲಿ ಆ ದಾರಿಯ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಅಗಲವಾದ ಹಳಿಗಳನ್ನು ಹಾಕಲಾಯಿತು. ಹಳಿ ಬದಲಾಯಿತು, ಸ್ಲೀಪರು ಬದಲಾಯಿತು, ಹೊಗೆಬಂಡಿಯೂ ಹೋಯಿತು. ಆದರೆ ಮೋಜಣಿದಾರರು ಗೂಟ ನೆಟ್ಟು ಆರಿಸಿದ ಆ ಜಾಡು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹೆಸರು ಉಳಿಯದ ಸಾವಿರಾರು ಜನ ಮಂಕರಿಯಲ್ಲಿ ಹೊತ್ತು ಹಾಕಿದ ಮಣ್ಣು ಇಂದಿಗೂ ಆ ಭಾರವನ್ನು ಹೊರುತ್ತಿದೆ. ರಾಜ್ಯದ ಹಿತವನ್ನು ಬಯಸಿ ಯೋಜನೆ ಮಾಡಿದವರೂ, ಹೊಟ್ಟೆಯ ಪಾಡಿಗಾಗಿ ಬೆವರು ಸುರಿಸಿದವರೂ ಕೂಡಿ ಹಾಕಿದ ಹಾದಿ ಅದು. ದಾವಣಗೆರೆಯ ನಿಲ್ದಾಣದಲ್ಲಿ ರೈಲಿಗಾಗ ಕಾಯುವ ಚನ್ನಗಿರಿಯ ರೈತನೂ ಜಗಳೂರಿನ ವಿದ್ಯಾರ್ಥಿಯೂ ಇಬ್ಬರನ್ನೂ ನೆನೆಯುವುದು ಉಚಿತವಾಗಿದೆ.